ಸ್ಕ್ಯಾನಿನಲ್ಲಿ ಕಂಡ ಹುಳ
ಮಾಗಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಯಶೋಧಾಳಿಗೆ ಎಚ್‌ಐವಿ ಇತ್ತು. ತೀರಿಹೋದ ಗಂಡನಿಂದ ಬಂದದ್ದು. ದಿನವೂ ಮಾತ್ರೆ ನುಂಗಿ ಗಟ್ಟಿಯಾಗಿಯೇ ಇದ್ದಳು. ಅದು ಬಿಪಿ ಮಾತ್ರೆಯೆಂದು ಊರಿಗೆಲ್ಲ ಹೇಳಿಟ್ಟವರು ಮಾವ ಚನ್ನಬಸವಯ್ಯನವರು. ಲಿಂಗಪೂಜೆಯಾಗದೆ ನೀರು ಮುಟ್ಟದ ಅವರಿಗೆ ಮನೆಯ ಮರ್ಯಾದೆಯೇ ದೊಡ್ಡದು.

ಒಂದು ಬೆಳಿಗ್ಗೆ ಯಶೋಧಾ ಫಿಟ್ಸ್ ಬಂದು ಗಿರಾಕಿಗಳ ಎದುರೇ ಬಿದ್ದಳು. ಎಚ್‌ಐವಿ ಇದ್ದವರಿಗೆ ಮಿದುಳಿನಲ್ಲಿ ಟಿಬಿ ಗಂಟಾಗುವುದುಂಟು ಎಂದು ಡಾಕ್ಟರು ಎಂಆರ್‌ಐ ಮಾಡಿಸಿದರು. ಕಂಡದ್ದು ಲಾಡಿಹುಳದ ಮರಿ.

"ಹಂದಿ ಮಾಂಸದಲ್ಲಿರೋ ಹುಳ ಇದು. ಮಾಂಸ ತಿನ್ನದವರ ಹೊಟ್ಟೆಗೂ ತೊಳೆಯದ ಸೊಪ್ಪಿನಿಂದ ಇದರ ಮೊಟ್ಟೆ ಸೇರುತ್ತೆ. ಔಷಧಿಗೆ ಹೋಗುತ್ತೆ," ಎಂದರು ಡಾಕ್ಟರು. ಚನ್ನಬಸವಯ್ಯನವರ ಕಿವಿಗೆ ಬಿದ್ದದ್ದು ಹಂದಿ ಎಂಬ ಮಾತೊಂದೇ.

ಯಶೋಧಾ ಗಿರಣಿಗೆ ಮರಳುವ ಹೊತ್ತಿಗೆ ಸುದ್ದಿ ಹಬ್ಬಿತ್ತು. ಬೀಗರೊಬ್ಬರು ಬಂದು, "ಅಲ್ಲ ಬೀಗ್ರೇ, ನಿಮ್ಮ ಸೊಸೆ ತಲೇಲಿ ಹಂದಿ ಹುಳ ಐತಂತೆ?" ಎಂದು ಎಲ್ಲರೆದುರೇ ಕೇಳಿದರು.

ಮಾವನಿಗೆ ತಡೆಯಲಾಗಲಿಲ್ಲ. "ಯಾವನು ಅಂದೋನು? ನಮ್ಮನೇಲಿ ಅಂಥದ್ದೆಲ್ಲ ಇಲ್ಲ. ಅವಳಿಗಿರೋದು ಎಚ್‌ಐವಿ ಕಣ್ರೀ."

ತಾವೇನು ಹೇಳಿದೆವೆಂದು ಅವರಿಗೆ ಹೊಳೆಯುವಷ್ಟರಲ್ಲಿ ಬೀಗರು ಬೀಸಲು ತಂದಿದ್ದ ಚೀಲ ಎತ್ತಿಕೊಂಡು ಹೊರಟಿದ್ದರು. ಯಶೋಧಾಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. "ಹೋಗ್ಲಿ ಬುಡಿ ಮಾವ. ಇನ್ನು ಮುಚ್ಚಿಡೋ ಕೆಲ್ಸ ಇಲ್ಲ," ಎಂದಳು.

ಹುಳ ಸತ್ತಿತು, ಫಿಟ್ಸ್ ನಿಂತಿತು. ಎಚ್‌ಐವಿ ಎಂದು ಕೇಳಿ ಕೆಲವರು ಗಿರಣಿ ಬದಲಿಸಿದರು, ಬಹಳ ಮಂದಿ ತಿರುಗಿ ಬಂದರು. ಒಂದು ದಿನ ದೂರದ ಹಳ್ಳಿಯ ಹೆಂಗಸೊಬ್ಬಳು ರಾಗಿ ಮೂಟೆ ಇಳಿಸಿ, "ಅಕ್ಕಾ, ನಂಗೂ ಅದೇ ಐತೆ. ಒಸಿ ಮಾತಾಡ್ಬೇಕಿತ್ತು," ಎಂದಳು. ಚನ್ನಬಸವಯ್ಯನವರು ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಅವಳ ಕಡೆ ಸರಿಸಿದರು.