ರಾಮವ್ವನ ಗುಡ್ಡೆಗಾಗಿ ಹೊಳೆಪ್ಪ ಹೂಡಿದ ದಾವೆ

ಮೂಡಲಗಿ ಕೋರ್ಟಿನ ಎದುರು ಅರ್ಜಿ ಟೈಪು ಮಾಡಿ ಹೊಟ್ಟೆ ಹೊರೆಯುವವನು ನಾನು. ವಕೀಲರಿಲ್ಲದೆ ಕೇಸು ನಡೆಸುತ್ತೇನೆಂದು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತುಕ್ಕಾನಟ್ಟಿಯ ಕುರಿಗಾರ ಹೊಳೆಪ್ಪನಿಗೂ ಮೊದಲ ದಿನವೇ ಬೈದಿದ್ದೆ.

"ವಕೀಲರನ್ನ ಹಿಡೀರಿ ಕಾಕಾ. ಇದು ಕುರಿ ಕಾಯೂ ಕೆಲಸ ಅಲ್ಲ."

"ವಕೀಲರು ನಮ್ಮ ರಾಮವ್ವನ್ನ ನೋಡ್ಯಾರೇನು? ಆಕಿ ಮಾತು ನಾನ ಆಡ್ತೇನಿ. ನೀ ಅರ್ಜಿ ಬರದಕೊಡು ಪರಸಪ್ಪ," ಅಂದ.

ರಾಮವ್ವ ಅವನ ಹೆಂಡತಿ. ತೀರಿಕೊಂಡಾಗ ಹೊಲದಲ್ಲೇ ಮಣ್ಣು ಮಾಡಿ ಮೇಲೆ ಗುಡ್ಡೆ ಹಾಕಿದ್ದರು. ಹೊಳೆಪ್ಪ ದಿನಾ ಅಲ್ಲಿ ಕೂತು ಯಾವ ಕುರಿ ಈಯಿತು, ಯಾವುದು ಕುಂಟುತ್ತಿದೆ ಎಂದು ಅವಳಿಗೆ ಹೇಳಿಬರುತ್ತಿದ್ದ. ಮುಂದೆ ಅಣ್ಣತಮ್ಮಂದಿರು ಬೇರೆಯಾದಾಗ ಆ ಹೊಲ ತಮ್ಮ ಸಿದ್ರಾಯನ ಪಾಲಿಗೆ ಹೋಯಿತು. ಟ್ರ್ಯಾಕ್ಟರ್ ತಿರುಗಿಸಲು ಅಡ್ಡವೆಂದು ಅವನು ಗುಡ್ಡೆ ತೆಗೆಯಲು ಹೊರಟ. ಆರು ಮೊಳ ಜಾಗ ಯಾರೂ ಮುಟ್ಟಬಾರದು, ಹೋಗಿಬರಲು ದಾರಿ ಬೇಕು, ಇಷ್ಟೇ ಹೊಳೆಪ್ಪ ಕೇಳಿದ್ದು. ಕೋರ್ಟು ತಡೆಯಾಜ್ಞೆ ಕೊಟ್ಟಿತು.

ಆಮೇಲೆ ಶುರುವಾಯಿತು ತಾರೀಖಿನ ಗೋಳು. ಎರಡು ತಾರೀಖಿಗೆ ಕುರಿ ಮೇಯಿಸುತ್ತ ಹುಕ್ಕೇರಿ ಕಡೆ ಹೋಗಿದ್ದ. ಕೊನೆಯ ಅವಕಾಶವೆಂದು ಕೊಟ್ಟ ಮೂರನೆಯ ತಾರೀಖಿಗೂ ಬರಲಿಲ್ಲ. ಅಂದು ಅಮವಾಸ್ಯೆ. ರಾಮವ್ವನಿಗೆ ಎಡೆ ಇಟ್ಟು ಅಲ್ಲೇ ಕೂತಿದ್ದನಂತೆ. ದಾವೆ ವಜಾ ಆಯಿತು. ಅದರ ಜೊತೆಗೇ ತಡೆಯಾಜ್ಞೆಯೂ ಹೋಯಿತು.

ಮರುದಿನ ಬಂದು ನಿಂತ. "ಅಮಾಸಿಗೆ ಎತ್ತಿಗೂ ನೊಗ ಹೂಡೂದಿಲ್ಲ. ಕೋರ್ಟು ನಡಸ್ತಾರಂತ ನನಗೇನ ಗೊತ್ತು?"

ನನ್ನ ಸಿಟ್ಟು ನೆತ್ತಿಗೇರಿತ್ತು. ಕೇಸು ಮತ್ತೆ ತೆರೆಸಲು ವಜಾ ಆದ ದಿನದಿಂದ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಅಲ್ಲೇ ಕೂಡಿಸಿಕೊಂಡು ಬರೆದುಕೊಡಬಹುದಿತ್ತು. "ಇವತ್ತ ತಲಿ ತಿನ್ನಬ್ಯಾಡ್ರಿ. ಒಂದ ತಿಂಗಳ ಟೈಮ್ ಐತಿ, ಆಮ್ಯಾಲ ಬರ್ರಿ," ಎಂದು ಕಳಿಸಿಬಿಟ್ಟೆ. ಈ ನಾಲಿಗೆಗೆ ಬೆಂಕಿ ಬೀಳಲಿ.

ಮತ್ತೆ ಬಂದಾಗ ಬೆಳಗಿನ ಹತ್ತು ಗಂಟೆ. ಸ್ನಾನ ಮಾಡಿ ಭಂಡಾರ ಹಚ್ಚಿಕೊಂಡಿದ್ದ.

"ಅಮಾಸಿಯಿಂದ ಅಮಾಸಿಗೆ ತಿಂಗಳು. ನಿನ್ನಿ ಅಮಾಸಿ, ಹೊಸ ಕೆಲಸ ಹಿಡೀಬಾರದಂತ ಇವತ್ತ ಬಂದೆ."

ಕ್ಯಾಲೆಂಡರ್ ನೋಡಿದೆ. ಮೂವತ್ತೊಂದನೆಯ ದಿನ.

ಸಿದ್ರಾಯನೂ ದಿನ ಎಣಿಸುತ್ತಿದ್ದ. ಅರ್ಜಿ ಬಿದ್ದಿಲ್ಲವೆಂದು ಯಾರನ್ನೋ ಕೇಳಿ ತಿಳಿದುಕೊಂಡು, ಅದೇ ಬೆಳಿಗ್ಗೆ, ಹೊಳೆಪ್ಪ ನನ್ನ ಮೇಜಿನ ಮುಂದೆ ಕೂತಿದ್ದಾಗ, ಟ್ರ್ಯಾಕ್ಟರಿನ ಬ್ಲೇಡ್ ಹೊಡೆಸಿ ಹೊಲ ಸಪಾಟು ಮಾಡಿಸಿದ. "ನಾ ಕಾಯ್ದೆ ಪ್ರಕಾರ ಕಾದೇನಿ," ಅಂದನಂತೆ. ಸುಳ್ಳಲ್ಲ, ಕಾದಿದ್ದ.

ಒಂದು ದಿನದ ತಡವನ್ನು ಜಡ್ಜ್ ಸಾಹೇಬರು ಮನ್ನಿಸಿದರು. ಕೇಸು ಮತ್ತೆ ತೆರೆಯಿತು. ಆದರೆ ಹೊಳೆಪ್ಪ ಮೊದಲಿನ ಹೊಳೆಪ್ಪನಾಗಿರಲಿಲ್ಲ. "'ನಾ ಎಲ್ಲಿ ಅದೇನಿ' ಅಂತ ರಾಮವ್ವ ಕೇಳ್ತಾಳ, ಪರಸಪ್ಪ," ಎಂದು ಕೋರ್ಟಿನ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳುತ್ತಿದ್ದ.

ಜಾಗ ಗುರುತಿಸಲು ಕೋರ್ಟಿನ ಕಮಿಷನರ್ ಬಂದಾಗ ಟೇಪು ಹಿಡಿಯಲು ನಾನೂ ಹೋದೆ. ಅಷ್ಟರಲ್ಲಿ ವರ್ಷ ಕಳೆದು, ಸಪಾಟು ಮಾಡಿದ ಮೇಲೆ ಸಿದ್ರಾಯ ಹಚ್ಚಿದ್ದ ಕಬ್ಬನ್ನೂ ಕಡಿದು ಹೊಲ ಬಯಲಾಗಿತ್ತು.

"ಎಲ್ಲಿ, ತೋರಸ್ರಿ," ಅಂದರು ಕಮಿಷನರ್.

"ಇಲ್ಲೇ ಐತ್ರಿ ಸಾಹೇಬ್ರ," ಎಂದು ಹೊಳೆಪ್ಪ ದಡದಡ ನಡೆದ. ನಿಂತ. ಹಿಂದೆ ನೋಡಿದ. ಎಡಕ್ಕೆ ಹತ್ತು ಹೆಜ್ಜೆ ಹೋದ. "ಇಲ್ಲಿ... ಅಲ್ರಿ." ಬದುವಿನ ಮೇಲಿದ್ದ ಸಿದ್ರಾಯನ ಮುಖ ನೋಡಿದೆವು. ಅವನಿಗೂ ಗೊತ್ತಿರಲಿಲ್ಲ, ತಲೆ ತಗ್ಗಿಸಿದ. ವಾದಿಗೆ ಜಾಗ ತೋರಿಸಲಾಗಲಿಲ್ಲ ಎಂದು ಬರೆದುಕೊಂಡು ಕಮಿಷನರ್ ಜೀಪು ಹತ್ತಿದರು.

ಹೊಳೆಪ್ಪ ಹೊಲದ ನಡುವೆಯೇ ನಿಂತಿದ್ದ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದ. ಬರ್ರಿ ಕಾಕಾ ಎಂದು ಹೋಗಿ ತೋಳು ಹಿಡಿದೆ.

"ಎಲ್ಲಿ ಕಾಲ ಇಡ್ಲಿ?" ಅಂದ. "ಎಲ್ಲಿ ಮಲಗ್ಯಾಳೋ. ತುಳದಗಿಳದೇನು."

ನಾನು ನನ್ನ ಕಾಲ ಕೆಳಗೆ ನೋಡಿಕೊಂಡೆ. ಆಮೇಲೆ ನನಗೂ ಹೆಜ್ಜೆ ಕಿತ್ತಿಡಲಾಗಲಿಲ್ಲ.