ಫ್ಯಾನಿನ ಲಾಡ್ಜಿನಲ್ಲಿ ತಿಪ್ಪವ್ವ ಕುಡಿದ ಚಹಾ

ಟಿಕೋಟಾದ ಧೂಳಪ್ಪ ಮಾಸ್ತರರು ಕೈ ಬಿಗಿ ಮನುಷ್ಯ. ಇದು ಚಾಡಿ ಮಾತಲ್ಲ, ಅವರ ಹೆಂಡತಿ ಹುಲಿಗೆವ್ವನೇ ಕೇರಿಯ ಬಾವಿಯ ಹತ್ತಿರ ನಾಲ್ಕು ಮಂದಿಯ ಮುಂದೆ ಹೇಳುತ್ತಿದ್ದ ಮಾತು. ಅವರ ಕೊಡೆಯಲ್ಲಿ ಬಟ್ಟೆಗಿಂತ ತೇಪೆ ಹೆಚ್ಚು. ಸಾಲೆಯಲ್ಲಿ ಸೀಮೆಸುಣ್ಣದ ತುಂಡು ಉಗುರಿನಷ್ಟಾದರೂ ಅವರು ಬಿಡುತ್ತಿರಲಿಲ್ಲ, ಚಿವುಟಿ ಹಿಡಿದು ಬರೆಯುತ್ತಿದ್ದರು. ಸರಕಾರಿ ಪಗಾರ ಬರುತ್ತಿದ್ದರೂ ಮನೆಯಲ್ಲಿ ಚಹಾಕ್ಕೆ ಬೆಲ್ಲ, ನೆಂಟರು ಬಂದರೆ ಮಾತ್ರ ಸಕ್ಕರೆ. ಅಂಥವರು ವಿಜಾಪುರಕ್ಕೆ ಹೋಗಿ ಫ್ಯಾನಿನ ಲಾಡ್ಜಿನಲ್ಲಿ ಇಳಿಯುತ್ತಾರೆ ಎಂಬ ಸುದ್ದಿ ಬಂದಾಗ ಟಿಕೋಟಾ ನಕ್ಕಿತು ಎಂದರೆ ಟಿಕೋಟಾದ ತಪ್ಪೇನೂ ಇಲ್ಲ.

ಚೀನಾ ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ಸಾಲೆಗೆ ಸೂಟಿ ಬಿಟ್ಟಿತ್ತು. ವಿಜಾಪುರದ ಬಯಲಿನಲ್ಲಿ ದೊಡ್ಡದೊಂದು ಪ್ರದರ್ಶನ ಬಂದಿಳಿದಿತ್ತು. ಮನೆಯ ಮಾಳಿಗೆಗಿಂತ ಎತ್ತರ ಹೋಗುವ ತಿರುಗುವ ತೊಟ್ಟಿಲಂತೆ, ಬಾವಿಯ ಗೋಡೆಯ ಮೇಲೆ ಫಟಫಟಿ ಓಡಿಸುವ ಗಂಡಸಂತೆ, ದಪ್ಪನವರನ್ನು ತೆಳ್ಳಗೆ, ತೆಳ್ಳನವರನ್ನು ದಪ್ಪಗೆ ತೋರಿಸುವ ಕನ್ನಡಿಯಂತೆ, ಒಂದೇ ಎರಡೇ! ನೋಡಿ ಬಂದವರು ಬಾಯಿ ಮುಚ್ಚಲಿಲ್ಲ. ಅದನ್ನು ಕೇಳಿ ಕೇಳಿ ಮಾಸ್ತರರ ತಾಯಿ ತಿಪ್ಪವ್ವ ಒಂದು ದಿನ ಮಗನ ಮುಂದೆ ಕುಳಿತು, ತಾನೊಮ್ಮೆ ಆ ತೊಟ್ಟಿಲಲ್ಲಿ ಕೂಡಬೇಕು ಎಂದಳು. ಬಬಲೇಶ್ವರದಲ್ಲಿ ಹುಟ್ಟಿ, ಅಲ್ಲೇ ಬಾಳಿ, ಗಂಡ ತೀರಿದ ಮೇಲೆ ಮಗನ ಹಿಂದೆ ಟಿಕೋಟಾಕ್ಕೆ ಬಂದ ಮುದುಕಿ ಅವಳು. ಆಯುಷ್ಯದಲ್ಲಿ ಯಾರನ್ನೂ ಏನೂ ಬೇಡಿದವಳಲ್ಲ. ಮಾಸ್ತರರು ಆಗಲಿ ಎಂದುಬಿಟ್ಟರು.

ಆದರೆ ತೊಟ್ಟಿಲು ತಿರುಗುವುದು ದೀಪ ಹತ್ತಿದ ಮೇಲೆ. ಟಿಕೋಟಾದ ಕೊನೆಯ ಬಸ್ಸು ದೀಪ ಹತ್ತುವ ಮುಂಚೆಯೇ ಹೊರಟುಬಿಡುತ್ತಿತ್ತು. ವಿಜಾಪುರದಲ್ಲಿದ್ದ ಒಬ್ಬನೇ ಸಂಬಂಧಿಕನ ಮನೆಯಲ್ಲಿ ಬಾಣಂತಿ. ಅಂದಮೇಲೆ ಒಂದು ರಾತ್ರಿ ಎಲ್ಲಾದರೂ ಉಳಿಯಲೇಬೇಕು.

ಜೊತೆಗೆ ಕಲಿಸುವ ಅಮರಪ್ಪ ಮಾಸ್ತರರಿಗೆ ಇದೊಂದು ಸಮಸ್ಯೆಯೇ ಅಲ್ಲ. ಪೇಟೆಯ ಸಾವಕಾರರೊಬ್ಬರು ಕಟ್ಟಿಸಿದ ಧರ್ಮಶಾಲೆ ಇದೆ, ಪುಕ್ಕಟೆ, ನೀರು ನೆರಳು ಎರಡೂ ಇವೆ, ತಾವು ಹೋದಾಗಲೆಲ್ಲ ಅಲ್ಲಿಯೇ ಇಳಿಯುವುದು ಎಂದರು. ಅದು ಬೇಡವಾದರೆ ಗಾಂಧಿ ಚೌಕದ ಹಿಂದೆ ಖಾನಾವಳಿಯ ಅಟ್ಟವಿದೆ, ನಾಲ್ಕಾಣೆಗೆ ಚಾಪೆ ಕೊಡುತ್ತಾರೆ. ಲಾಡ್ಜು ಗೀಡ್ಜು ಎಂದರೆ ಹತ್ತಿಯ ವ್ಯಾಪಾರದವರು ಇಳಿಯುವ ಜಾಗ. “ಹಾಸಿಗಿ ಇದ್ದಷ್ಟು ಕಾಲು ಚಾಚಬೇಕ್ರಿ ಧೂಳಪ್ಪ ಮಾಸ್ತರ್ರ” ಎಂದು ನಕ್ಕರು. ಒಳ್ಳೆಯ ಮನುಷ್ಯ ಅಮರಪ್ಪ, ಮನಸ್ಸಿನಲ್ಲಿ ಕಲ್ಮಷವಿಲ್ಲ. ಧರ್ಮಶಾಲೆಯ ಬಾಗಿಲಲ್ಲಿ ಅವರನ್ನೂ ಯಾರ ಪೈಕಿ ಎಂದು ಕೇಳಿದ್ದರು. ಕೇಳಿದ್ದು ಚುಚ್ಚಿರಲಿಲ್ಲ, ಆದ್ದರಿಂದ ನೆನಪಿರಲಿಲ್ಲ.

ಧೂಳಪ್ಪ ಮಾಸ್ತರರಿಗೆ ನೆನಪಿತ್ತು. ಹುಡುಗನಾಗಿದ್ದಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆಂದು ಅಪ್ಪ ಭಾಗಪ್ಪನ ಸಂಗಡ ಅದೇ ಧರ್ಮಶಾಲೆಗೆ ಹೋಗಿದ್ದರು. ಬಾಗಿಲಲ್ಲಿದ್ದ ಮುದುಕ ಬಾಯ್ತುಂಬ ಮಾತಾಡಿಸಿದ. ಯಾವ ಊರು ಎಂದ, ಬಬಲೇಶ್ವರ ಎಂದರು. ಯಾರ ಪೈಕಿ ಎಂದ. ಭಾಗಪ್ಪ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಮುದುಕ ಬೈಯಲಿಲ್ಲ, ಹೊರಗೆ ಹೋಗು ಎಂದೂ ಅನ್ನಲಿಲ್ಲ. ಪಕ್ಕದಲ್ಲಿದ್ದ ನೀರಿನ ಕೊಡವನ್ನು ತನ್ನ ಕಡೆಗೆ ಎಳೆದುಕೊಂಡ, ಅಷ್ಟೇ. ಅಪ್ಪ ಮಗ ಗೋಡೆಯಾಚೆಯ ಬೇವಿನ ಮರದ ಕೆಳಗೆ ಮಲಗಿದರು. ಸೆಕೆಗೆ ಎಲೆ ಅಲುಗುತ್ತಿರಲಿಲ್ಲ. ಭಾಗಪ್ಪ ಟವೆಲ್ಲಿನಿಂದ ಮಗನಿಗೆ ಗಾಳಿ ಬೀಸುತ್ತ, “ಇಲ್ಲೆ ಗಾಳಿ ಚೊಲೋ ಐತಿ ನೋಡಪಾ” ಎಂದ. ಮಾಸ್ತರರು ಪರೀಕ್ಷೆ ಪಾಸಾದರು, ನೌಕರಿ ಹಿಡಿದರು, ಮನೆಯ ಗೋಡೆಗೆ ಬುದ್ಧನ ಪಟ ಬಂತು. ಗಾಳಿ ಚೊಲೋ ಐತಿ ಎಂದ ಅಪ್ಪನ ಆ ಸುಳ್ಳು ಮಾತ್ರ ಅವರ ಎದೆಯಿಂದ ಇಳಿಯಲಿಲ್ಲ. ಮುಟ್ಟಬಾರದು ಅನ್ನುವುದು ಅಪರಾಧ ಎಂದು ಕಾಯ್ದೆ ಬಂದಿತ್ತು, ನಿಜ. ಆ ಕಾಯ್ದೆ ರೈಲಿನಲ್ಲಿ ವಿಜಾಪುರದ ತನಕ ಬಂದು ಸ್ಟೇಶನ್ನಿನಲ್ಲೇ ಕುಳಿತಿರಬೇಕು, ಪೇಟೆಯೊಳಗೆ ಬಂದಿರಲಿಲ್ಲ, ನಮ್ಮ ಕಡೆಯ ಬಸ್ಸಂತೂ ಹತ್ತಿರಲಿಲ್ಲ.

ಹಾಗಾಗಿ ಅವರು ಯಾರಿಗೂ ಹೇಳದೆ ಒಂದು ಆದಿತ್ಯವಾರ ವಿಜಾಪುರಕ್ಕೆ ಹೋಗಿ ಮೂರೂ ಜಾಗ ನೋಡಿ ಬಂದರು. ಧರ್ಮಶಾಲೆಯ ಎದುರು ನಿಂತರು. ಬಾಗಿಲಲ್ಲಿ ಮುದುಕ ಬದಲಾಗಿದ್ದ, ಪ್ರಶ್ನೆ ಬದಲಾಗಿರಲಿಲ್ಲ. ಖಾನಾವಳಿಯಲ್ಲಿ ಪಂಕ್ತಿಯ ಊಟ, ಅಲ್ಲಿ ಕೇಳದೆ ಎಲೆ ಹಾಕುತ್ತಿರಲಿಲ್ಲ. ಕೊನೆಗೆ ಲಾಡ್ಜಿನ ಮೆಟ್ಟಿಲು ಹತ್ತಿದರು. ಕೋಣೆಗೊಂದು ಫ್ಯಾನು, ಕಬ್ಬಿಣದ ಮಂಚ, ವರಾಂಡದ ಕೊನೆಗೆ ನಳ. ಮ್ಯಾನೇಜರ ಅಂಬಾದಾಸ ಎಷ್ಟು ಮಂದಿ, ಎಷ್ಟು ದಿನ ಎಂದು ಕೇಳಿ ದರ ಹೇಳಿದ. ದರ ಕೇಳಿ ಮಾಸ್ತರರ ನಾಲಿಗೆ ಒಣಗಿತು. ಆದರೂ ಅಲ್ಲಿಯೇ ನಿಂತು, “ಮತ್ತೇನೂ ಕೇಳಂಗಿಲ್ರಿ?” ಎಂದರು.

ಅಂಬಾದಾಸ ಕನ್ನಡಕದ ಮೇಲಿಂದ ನೋಡಿದ. “ಮುಂಗಡ ಕೇಳತೀವ್ರಿ” ಎಂದ.

ಮಾಸ್ತರರು ಮುಂಗಡ ಕೊಟ್ಟು ಬಂದರು.

ಮನೆಯಲ್ಲಿ ಹುಲಿಗೆವ್ವ ಎರಡು ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಆ ರೊಕ್ಕದಲ್ಲಿ ಎಷ್ಟು ತಿಂಗಳ ಚಹಾ ಪುಡಿ ಸಕ್ಕರೆ ಬರುತ್ತದೆ ಎಂದು ಗೋಡೆಗೆ, ಒಲೆಗೆ, ಬೆಕ್ಕಿಗೆ ಎಲ್ಲರಿಗೂ ಹೇಳಿದಳು. ಬೆಲ್ಲದ ಚಹಾ ಕುಡಿಸಿ ಬಾಳೇವು ಮಾಡಿದ ಗಂಡ ಒಂದು ರಾತ್ರಿಗೆ ನವಾಬ ಆಗಲು ಹೊರಟಿದ್ದಾನೆ! ಕೊನೆಗೆ ಮಾಸ್ತರರು ತಾಯಿ ಹೊರಗೆ ಹೋದ ಸಮಯ ನೋಡಿ ಬಾಯಿ ಬಿಟ್ಟರು.

“ಧರ್ಮಶಾಲ್ಯಾಗ ಪುಕ್ಕಟ ಇಡತಾರ, ಆದ್ರ ಕೇಳತಾರ. ಲಾಡ್ಜನ್ಯಾಗ ಕೇಳಂಗಿಲ್ಲ.”

ಹುಲಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವಳಿಗೆ ಅರ್ಥವಾಯಿತು, ಆದರೆ ಸಿಟ್ಟು ಇಳಿಯಲಿಲ್ಲ. “ಕೇಳಿದ್ರ ಏನಾತ್ರಿ? ಇಲ್ಲೆ ಕೇಳಂಗಿಲ್ಲೇನು? ಹುಟ್ಟಿದಾಗಿಂದ ಕೇಳಿಸ್ಕೊಂಡೇವಿ, ನಾಳೆ ಬಂದ ಮ್ಯಾಲೂ ಕೇಳಿಸ್ಕೋತೀವಿ. ನಡುವ ಒಂದ ರಾತ್ರಿ ಕೇಳಿಸ್ಕೊಳ್ದ ಇರಾಕ ಇಷ್ಟ ರೊಕ್ಕ ಯಾಕ?”

ಹುಲಿಗೆವ್ವ ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. “ಅವ್ವಗ ಒಂದ ರಾತ್ರಿ” ಎಂದಷ್ಟೇ ಹೇಳಿ ಮಾಸ್ತರರು ಎದ್ದುಹೋದರು.

ಹೊರಡುವ ದಿನ ಬುತ್ತಿ ಕಟ್ಟಿಕೊಂಡು ಮೂವರೂ ಬಸ್ಸು ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಲಾಡ್ಜಿನ ಮುಂದೆ ನಿಂತಾಗ ತಿಪ್ಪವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬೀದಿಯಲ್ಲಿಯೇ ನಿಂತಳು. ದೊಡ್ಡ ಬಾಗಿಲಿನ ಮುಂದೆ ಅವಳ ಕಾಲುಗಳು ತಾವಾಗಿಯೇ ನಿಲ್ಲುತ್ತಿದ್ದವು. ಯಾರಾದರೂ ನೋಡಿದರೇ ಎಂದು ಮಾಸ್ತರರು ಅತ್ತಿತ್ತ ಕಣ್ಣಾಡಿಸಿದರು. ಅಂಬಾದಾಸ ಒಳಗಿನಿಂದಲೇ, ಚಪ್ಪಲಿ ಹಾಕಿಕೊಂಡೇ ಬರಬೇಕು, ಮೆಟ್ಟಿಲು ಬಿಸಿಲಿಗೆ ಕಾದಿವೆ ಎಂದು ಕೂಗಿದ. ಬಿಸಿಲಿನ ಸಲುವಾಗಿ ಹೇಳಿದನೋ ರಿವಾಜಿಗೆ ಹೇಳಿದನೋ, ಅಂತೂ ತಿಪ್ಪವ್ವ ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದಳು. ಹುಲಿಗೆವ್ವ ಮುಖ ಗಂಟು ಹಾಕಿಕೊಂಡೇ ಮೆಟ್ಟಿಲು ಹತ್ತಿದಳು.

ಕೋಣೆಯಲ್ಲಿ ತಿಪ್ಪವ್ವ ಮಂಚಕ್ಕೆ ಬೆನ್ನು ಕೊಡಲಿಲ್ಲ, ಬಾಗಿಲ ಬದಿಗೆ ನೆಲದ ಮೇಲೆ ಕೌದಿ ಹಾಸಿಕೊಂಡಳು. ಫ್ಯಾನು ಹಾಕಿದಾಗ ಅದು ಕಳಚಿ ಬೀಳುತ್ತದೆಂದು ಬಹಳ ಹೊತ್ತು ಕಣ್ಣು ಕೀಳದೆ ನೋಡಿದಳು. ಆಮೇಲೆ ಸೆರಗು ಸಡಿಲಿಸಿ ಅಡ್ಡಾಗಿ, “ಗಾಳಿ ಚೊಲೋ ಐತಿ ನೋಡಪಾ” ಎಂದಳು. ಮಾಸ್ತರರು ಕಿಟಕಿಯ ಕಡೆ ತಿರುಗಿ ನಿಂತರು. ಅಪ್ಪನನ್ನು ನೆನೆದು ಕಣ್ಣು ತುಂಬಿ ಬಂದವು, ಹೆಂಡತಿಗೆ ತೋರಿಸಲು ಮನಸ್ಸಿರಲಿಲ್ಲ.

ಸಂಜೆ ಪ್ರದರ್ಶನಕ್ಕೆ ಹೋದರು. ಫಟಫಟಿಯವನನ್ನು ನೋಡಿದರು, ಕನ್ನಡಿಯಲ್ಲಿ ಹುಲಿಗೆವ್ವ ತನ್ನ ಗಂಡ ಗಿಡ್ಡನಾಗಿ ಹೊಟ್ಟೆ ಬಿಟ್ಟದ್ದನ್ನು ಕಂಡು ಸಿಟ್ಟು ಮರೆತು ನಕ್ಕಳು. ಕೊನೆಗೆ ತೊಟ್ಟಿಲು. ತಿಪ್ಪವ್ವ ಕುಳಿತಳು, ತೊಟ್ಟಿಲು ನೆಲ ಬಿಟ್ಟು ಏಳುತ್ತಲೇ ಕಣ್ಣು ಗಟ್ಟಿಯಾಗಿ ಮುಚ್ಚಿದಳು, ಇಳಿದ ಮೇಲೆಯೇ ತೆರೆದಳು. ಇದಕ್ಕಾಗಿ ಇಷ್ಟು ದೂರ ಬಂದೆವೇ ಎಂದು ಹುಲಿಗೆವ್ವ ಗಂಡನ ಮುಖ ನೋಡಿದಳು. ಮಾಸ್ತರರು ಆ ನೋಟಕ್ಕೆ ಸಿಗದೆ ಮುಂದೆ ನಡೆದರು.

ಬೆಳಿಗ್ಗೆ ಬಾಬು ಎಂಬ ನಡುವಯಸ್ಸಿನ ಕೆಲಸದವನು ಟ್ರೇಯಲ್ಲಿ ಚಹಾ ತಂದಿಟ್ಟು ಹೋದ. ಹೂವಿನ ಚಿತ್ತಾರದ ಬಿಳಿ ಪಿಂಗಾಣಿ ಕಪ್ಪು, ಅದಕ್ಕೊಪ್ಪುವ ಬಸಿ. ತಿಪ್ಪವ್ವ ವರಾಂಡದಲ್ಲಿ ಕುಳಿತು ಬಸಿಗೆ ಸುರಿದುಕೊಂಡು ಸೊರ್ರನೆ ಕುಡಿದಳು. ಮಾಸ್ತರರು ಕೋಣೆಯೊಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಹೊರಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

ತಿಪ್ಪವ್ವ ತನ್ನ ಕಪ್ಪು ಬಸಿ ಎರಡನ್ನೂ ನಳದ ಕೆಳಗೆ ತಿಕ್ಕಿ ತೊಳೆದು, ವರಾಂಡದ ಕಟ್ಟೆಯ ಮೇಲೆ ಒಂದು ಮೂಲೆಗೆ ಬೋರಲು ಹಾಕಿಟ್ಟಿದ್ದಳು.

ಟಿಕೋಟಾದ ಚಹಾದಂಗಡಿಯಲ್ಲಿ ಹಾಗೆಯೇ. ಅವರ ಕೇರಿಯವರಿಗೆ ಹಿಡಿಕೆ ಮುರಿದ ಬೇರೆ ಕಪ್ಪು, ಹೊರಗಿನ ಗೂಡಿನಲ್ಲಿ. ತಾವೇ ತೆಗೆದುಕೊಳ್ಳಬೇಕು, ಮೇಲಿಂದ ಸುರಿಸಿಕೊಳ್ಳಬೇಕು, ಕುಡಿದು ತಾವೇ ತೊಳೆದು ಬೋರಲು ಹಾಕಿ ಹೋಗಬೇಕು. ಎಪ್ಪತ್ತರ ಹತ್ತಿರ ಬಂದ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಿಜಾಪುರ ಸೀಮೆಯಲ್ಲಿ ಹಾಗೆ ಬೋರಲು ಬಿದ್ದ ಕಪ್ಪನ್ನು ನೋಡಿ ಅರ್ಥವಾಗದವರು ಯಾರೂ ಇಲ್ಲ. ಯಾರೂ ಕೇಳಬಾರದೆಂದು ಇಷ್ಟೆಲ್ಲ ಮಾಡಿದರೆ, ತಾಯಿ ಯಾರೂ ಕೇಳುವ ಮೊದಲೇ ಉತ್ತರ ಕೊಟ್ಟುಬಿಟ್ಟಿದ್ದಳು.

ಬಾಬು ಟ್ರೇ ಒಯ್ಯಲು ಬಂದವನು ಕಪ್ಪು ನೋಡಿ ಕೈ ಹಿಂದೆ ತೆಗೆದ. ಅವನ ಹಿಂದೆಯೇ ಅಂಬಾದಾಸ ಬಂದ. ಅವನ ಕಣ್ಣು ಕಪ್ಪಿನ ಮೇಲೆ ಹೋಯಿತು, ಅಲ್ಲಿಂದ ಮುದುಕಿಯ ಮೇಲೆ, ಅಲ್ಲಿಂದ ಮಾಸ್ತರರ ಮೇಲೆ. ಪಕ್ಕದ ಕೋಣೆಯ ವ್ಯಾಪಾರಿಯೊಬ್ಬ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡುತ್ತಿದ್ದ. ಮಾಸ್ತರರಿಗೆ ನೀರಿನ ಕೊಡ ಎಳೆದುಕೊಂಡ ಆ ಮುದುಕನ ಕೈ ಕಣ್ಣಿಗೆ ಕಟ್ಟಿತು. ತಿಪ್ಪವ್ವ ತಾನೇನೋ ತಪ್ಪು ಮಾಡಿದೆನೆಂದು ತಿಳಿದು ಗೋಡೆಗೆ ಸರಿದಳು.

“ಮಾಸ್ತರ್ರ...” ಎಂದ ಅಂಬಾದಾಸ.

ಅಷ್ಟರಲ್ಲಿ ಹುಲಿಗೆವ್ವ ಕೋಣೆಯಿಂದ ಹೊರಬಂದಳು. ಒಂದು ಕ್ಷಣ ಎಲ್ಲರನ್ನೂ ನೋಡಿದಳು. ನೆಟ್ಟಗೆ ಕಟ್ಟೆಯ ಹತ್ತಿರ ಹೋಗಿ ಕಪ್ಪನ್ನು ಎತ್ತಿ, ಬಸಿಯ ಮೇಲೆ ನೆಟ್ಟಗೆ ಇಟ್ಟು, ಬಾಬುವಿನ ಮುಂದೆ ಹಿಡಿದಳು.

“ಇದರಾಗ ಇನ್ನೊಂದು ಚಾ ತಗೊಂಡ ಬಾರಪಾ. ನಮ್ಮತ್ತಿಗೆ ಸಕ್ರಿ ಮುಂದ ಇರ್ಲಿ.” ಆಮೇಲೆ ತಿಪ್ಪವ್ವನ ಕಡೆ ತಿರುಗಿದಳು. “ಈ ಸಲ ತೊಳಿಬ್ಯಾಡ ಬೇ ಅತ್ತಿ. ತೊಳಿಯಾಕೂ ರೊಕ್ಕ ಕೊಟ್ಟೇವಿ.”

ಬಾಬು ಅಲುಗಲಿಲ್ಲ, ಮ್ಯಾನೇಜರನ ಮುಖ ನೋಡಿದ. ಅಂಬಾದಾಸ ಗಂಟಲು ಸರಿಮಾಡಿಕೊಂಡ. “ಕೇಳಸ್ಲಿಲ್ಲೇನೋ? ಚಾ ತಾ” ಎಂದು ಬಾಬುವಿಗೆ ಹೇಳಿ ಕೆಳಗೆ ಇಳಿದುಹೋದ. ಕರುಣೆಯೋ, ಪೆಟ್ಟಿಗೆಗೆ ಬಿದ್ದ ರೊಕ್ಕವೋ, ಬೆಳಿಗ್ಗೆ ಬೆಳಿಗ್ಗೆ ಗದ್ದಲ ಬೇಡವೆಂಬ ವಿಚಾರವೋ, ವ್ಯಾಪಾರಸ್ಥರ ಮನಸ್ಸನ್ನು ಅಗೆದು ನೋಡಿದವರು ಯಾರು? ಬಾಬು ಕಪ್ಪನ್ನು ಕೈಗೆ ತೆಗೆದುಕೊಂಡ. ಹಲ್ಲುಜ್ಜುವವನು ಮತ್ತೆ ಉಜ್ಜತೊಡಗಿದ.

ಚಹಾ ಬಂತು. ತಿಪ್ಪವ್ವ ಈ ಸಲ ನಿಧಾನ ಕುಡಿದಳು. ಮುಗಿದ ಮೇಲೆ ಕೈ ರೂಢಿಯಿಂದ ಕಪ್ಪಿನ ಕಡೆ ಹೋಯಿತು. ಹುಲಿಗೆವ್ವ ನೋಡುತ್ತಿದ್ದಳು. ಮುದುಕಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು. ಗಂಟು ಕಟ್ಟಿ ಹೊರಡುವಾಗ ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿ ನೋಡಿದಳು. ಕಪ್ಪು ಅಲ್ಲಿಯೇ ಇತ್ತು, ತಳದಲ್ಲಿ ಚಹಾದ ಗಸಿ ಉಳಿದು.

ಬಸ್ಸಿನಲ್ಲಿ ಹುಲಿಗೆವ್ವ ಗಂಡನ ಪಕ್ಕ ಕುಳಿತು, ಮುಂದಿನ ಸೂಟಿಯವರೆಗೆ ಬೆಲ್ಲದ ಚಹಾವೇ ಸಾಕು, ನೆಂಟರು ಬಂದರೂ ಅದೇ ಎಂದಳು. ಮಾಸ್ತರರು ಹೂಂ ಎಂದರು. ಮುಂದಿನ ಸೂಟಿಗೆ ಏನು ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಂಜೆ ಕೇರಿಯ ಹೆಂಗಸರೆಲ್ಲ ಮಾಸ್ತರರ ಅಂಗಳದಲ್ಲಿ ಕೂಡಿದರು. ತೊಟ್ಟಿಲು ಹೇಗಿತ್ತು, ಮೇಲಿಂದ ಊರು ಹೇಗೆ ಕಂಡಿತು ಎಂದು ಮುತ್ತಿದರು. ಕಣ್ಣು ಮುಚ್ಚಿಕೊಂಡಿದ್ದೆ, ಏನೂ ಕಾಣಲಿಲ್ಲ ಎಂದಳು ತಿಪ್ಪವ್ವ. ಹೆಂಗಸರು ಬಿದ್ದು ಬಿದ್ದು ನಕ್ಕರು. ಮತ್ತೇನು ಮಾಡಿ ಬಂದೆ ಎಂದು ಅವಳದೇ ವಾರಿಗೆಯ ಸಕ್ರವ್ವ ಛೇಡಿಸಿದಳು.

“ಚಾ ಕುಡದೆ. ಕಪ್ಪ ಅಲ್ಲೇ ಬಿಟ್ಟು ಎದ್ದ ಬಂದೆ.”

ನಗು ನಿಂತಿತು.

“ತೊಳಿಲಿಲ್ಲ?” ಎಂದಳು ಸಕ್ರವ್ವ.

“ತೊಳಿಲಿಲ್ಲ.”

“ಯಾರೂ ಏನೂ ಅನಲಿಲ್ಲ?”

“ಅನಲಿಲ್ಲ.”

ಸಕ್ರವ್ವ ತನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಹತ್ತಿರ ಸರಿದು ಕುಳಿತು, ಇನ್ನೊಮ್ಮೆ ಮೊದಲಿನಿಂದ ಹೇಳು ಎಂದಳು. ತಿಪ್ಪವ್ವ ಮತ್ತೆ ಮೊದಲಿನಿಂದ ಹೇಳಿದಳು.