ಜರಗನಹಳ್ಳಿಯ ಹಳದಿ ಕಲೆ

ತೋಟಗಾರಿಕೆ ಇಲಾಖೆಯಲ್ಲಿ ಜೇನು ಸಾಕಣೆ ತರಬೇತುದಾರನಾಗಿದ್ದ ನಾನು ನಿವೃತ್ತನಾದ ಮರುವರ್ಷದ ಮಾತು. ಜಯನಗರದ ಮನೆಯಲ್ಲಿ ಕುಳಿತೇ ಹವ್ಯಾಸಿ ಸಾಕಣೆದಾರರಿಗೆ ಫೋನಿನಲ್ಲಿ ಸಲಹೆ ಕೊಡುತ್ತಿದ್ದೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಹೂವಿಲ್ಲದ ಕಾಲದಲ್ಲಿ ಸಕ್ಕರೆ ಪಾಕ ಕೊಡಿ. ಹೀಗೆ ಪ್ರಶ್ನೆಗಳೂ ಅವೇ, ಉತ್ತರಗಳೂ ಅವೇ.

ಬೇಸಿಗೆಯ ಶುರುವಿನಲ್ಲಿ ಜರಗನಹಳ್ಳಿಯಿಂದ ಶಕುಂತಲಾ ಎಂಬವರು ಕರೆ ಮಾಡಿದರು. ಬ್ಯಾಂಕಿನ ಕೆಲಸ, ಮಹಡಿಯ ಮೇಲೆ ಒಂದು ತುಡುವೆ ಜೇನಿನ ಪೆಟ್ಟಿಗೆ. "ಸಾರ್, ಪೆಟ್ಟಿಗೇನ ಆ ಮೂಲೆಯಿಂದ ಈ ಮೂಲೆಗೆ ಇಟ್ಟೆ ಅಷ್ಟೇ. ಹುಳ ಎಲ್ಲಾ ಹಳೇ ಜಾಗದಲ್ಲೇ ಸುತ್ತುತ್ತಾ ಇವೆ!"

ಇದು ಸುಲಭದ ಪ್ರಶ್ನೆ. ಜೇನು ನೆನಪಿಟ್ಟುಕೊಳ್ಳುವುದು ಪೆಟ್ಟಿಗೆಯನ್ನಲ್ಲ, ಅದು ಇರುವ ಜಾಗವನ್ನು. ದಿನಕ್ಕೆ ಎರಡು ಮೂರು ಅಡಿಯಷ್ಟೇ ಸರಿಸಬೇಕು. ಇಲ್ಲವೇ ಕೆಲವು ಕಿಲೋಮೀಟರ್ ದೂರ ಒಯ್ಯಬೇಕು. ಆದರೆ ಸರಿಸಿದ್ದೇಕೆ ಎಂದಾಗ ಅವರ ದನಿ ಇಳಿಯಿತು. "ಪಕ್ಕದ್ಮನೆ ಮಂಜುಳಾ ಜೊತೆ ಮಾತೇ ನಿಂತೋಗಿದೆ ಸಾರ್. ಅವಳು ಒಣಗಾಕಿದ ಬಟ್ಟೆಗೆಲ್ಲಾ ನಮ್ಮ ಹುಳ ಕಲೆ ಮಾಡ್ತಾವಂತೆ."

ಹೋಗಿ ನೋಡಿದೆ. ಮಂಜುಳಾ ಬಿಟಿಎಂ ಲೇಔಟಿನ ಪಿಜಿಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವಾಕೆ. ಮಹಡಿ ತುಂಬ ಬಿಳಿ ಬೆಡ್‌ಶೀಟು, ಅವುಗಳ ಮೇಲೆ ಸಾಸಿವೆಯಂಥ ಹಳದಿ ಚುಕ್ಕೆಗಳು. "ಪಿಜಿಯೋರು ಗಂಟು ಗಂಟೇ ವಾಪಸ್ ಕಳಿಸ್ತಾವ್ರೆ ಸಾರ್. ನಾನೇನ್ ತಿನ್ಲಿ?" ಎಂದು ಒಂದು ಶೀಟನ್ನು ನನ್ನ ಕೈಗೆ ತುರುಕಿದಳು.

ಅದು ಜೇನಿನ ಹಿಕ್ಕೆ, ಅನುಮಾನವಿರಲಿಲ್ಲ. ಗೂಡಿನೊಳಗೆ ಗಲೀಜು ಮಾಡದ ಹುಳು ಹಾರುವಾಗ ಹಾಕುತ್ತದೆ. ಪೆಟ್ಟಿಗೆಯ ಬಾಗಿಲನ್ನು ಬೇರೆ ದಿಕ್ಕಿಗೆ ತಿರುಗಿಸಿದೆವು. ಚುಕ್ಕೆ ನಿಲ್ಲಲಿಲ್ಲ. ಕೊನೆಗೆ ಒಂದು ಮುಸ್ಸಂಜೆ, ಹುಳುಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ, ಪೆಟ್ಟಿಗೆಯನ್ನು ಸುಬ್ರಹ್ಮಣ್ಯಪುರದಲ್ಲಿದ್ದ ಶಕುಂತಲಾರ ಅಕ್ಕನ ಮನೆಗೆ ಸಾಗಿಸಿದೆವು.

ವಾರ ಕಳೆಯುವಷ್ಟರಲ್ಲಿ ಮಂಜುಳಾಳ ಫೋನು. "ಸಾರ್, ಪೆಟ್ಟಿಗೆ ಹೋದ್ಮೇಲೂ ಕಲೆ ಬೀಳ್ತೈತೆ. ಇದು ಜೇನೇನಾ, ಇಲ್ಲಾ ಯಾರಾದ್ರೂ ಏನಾದ್ರೂ ಮಾಡ್ಸವ್ರಾ?"

ನನಗೆ ತಲೆ ಕೆಟ್ಟಿತು. ಪರಾಗವೇ? ಬಾವಲಿಯೇ? ಯಾರಾದರೂ ಬಣ್ಣ ಹೊಡೆಯುತ್ತಿದ್ದಾರೆಯೇ? ಇಡೀ ವೃತ್ತಿಜೀವನದಲ್ಲಿ ಕಲಿತದ್ದೆಲ್ಲ ಒಂದು ಬೆಡ್‌ಶೀಟಿನ ಮುಂದೆ ಕೈಕೊಟ್ಟಿತ್ತು. ಅಂದು ಸಂಜೆ ಹೋಗಿ ಅವಳ ಮಹಡಿಯಲ್ಲೇ ನಿಂತೆ. ಹೊತ್ತು ಇಳಿಯುವಾಗ ತಲೆಯ ಮೇಲೆ ದೊಡ್ಡದೊಂದು ಗುಂಯ್‌ಗುಡುವಿಕೆ. ಮರುಕ್ಷಣ ಕನ್ನಡಕದ ಮೇಲೆ ಹಳದಿ ಹನಿ. ಹುಳುಗಳು ಹಿಂದಿರುಗಿದ ದಿಕ್ಕನ್ನೇ ನೋಡುತ್ತಿದ್ದೆ. ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನಡಿ ಮೊರದಗಲದ ಹೆಜ್ಜೇನುಗೂಡುಗಳು ಜೋತುಬಿದ್ದಿದ್ದವು. ಹೆಜ್ಜೇನು ಒಟ್ಟಾಗಿ ಹೊರಬಿದ್ದು ಹಿಕ್ಕೆ ಹಾಕುವುದನ್ನು ಕಾಡಿನಲ್ಲಿ ಕಂಡಿದ್ದೆ. ಊರಿನ ನಡುವೆಯೂ ಹೀಗಾಗಬಹುದೆಂದು ಹೊಳೆದಿರಲಿಲ್ಲ.

"ಹೊಗೆ ಹಾಕಿಸ್ಬಿಡ್ಲಾ?" ಎಂದಳು ಮಂಜುಳಾ.

ಕೆರಳಿದ ಹೆಜ್ಜೇನು ಬೀದಿಯಲ್ಲಿ ಸಿಕ್ಕವರನ್ನೆಲ್ಲ ಕಚ್ಚುತ್ತದೆ, ಜೀವಕ್ಕೇ ಅಪಾಯ ಎಂದೆ. ಮಳೆ ಶುರುವಾದರೆ ತಾವಾಗಿಯೇ ಹೋಗುತ್ತವೆ. ಆದರೆ ಅಲ್ಲಿಯವರೆಗೆ ಅವಳ ಹೊಟ್ಟೆಪಾಡು?

ಪಕ್ಕದ ಮಹಡಿಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಶಕುಂತಲಾ ಗೋಡೆಯ ಹತ್ತಿರ ಬಂದರು. "ನಮ್ಮ ಕಾರ್ ಶೆಡ್ಡಲ್ಲಿ ಹಗ್ಗ ಕಟ್ಕೋ. ಮೇಲೆ ತಗಡಿನ ಸೂರಿದೆ, ಗಾಳೀನೂ ಆಡುತ್ತೆ."

"ಕಾರು?"

"ರೋಡಲ್ಲಿರುತ್ತೆ ಬಿಡು."

ಮಂಜುಳಾ ತಲೆ ತಗ್ಗಿಸಿದಳು. ಅಪವಾದ ಹೊರಿಸಿದ್ದಕ್ಕೆ ಅವಳು ಕ್ಷಮೆ ಕೇಳಲಿಲ್ಲ, ಇವರೂ ನಿರೀಕ್ಷಿಸಲಿಲ್ಲ. ಮಾರನೆಯ ದಿನ ಶೆಡ್ಡಿನ ತುಂಬ ಬಿಳಿ ಶೀಟುಗಳು ಆಡುತ್ತಿದ್ದವು. ಹೊರಗೆ ಕಾರಿನ ಮೈತುಂಬ ಹಳದಿ ಚುಕ್ಕೆ.

ಮಳೆ ಹಿಡಿದ ಮೇಲೆ ಹೆಜ್ಜೇನು ಹೋಯಿತು. ಆಗ ಮಂಜುಳಾಳೇ ಕೇಳಿದಳಂತೆ, "ಅಕ್ಕಾ, ನಿಮ್ ಪೆಟ್ಟಿಗೆ ಯಾವಾಗ ತರ್ತೀರಾ?"

ಮೊದಮೊದಲ ಕಲೆಗಳಲ್ಲಿ ತುಡುವೆಯ ಪಾಲೆಷ್ಟಿತ್ತೋ ನನಗೆ ಇಂದಿಗೂ ತಿಳಿಯದು. ಆದರೆ ಜೇನಿನ ಮೇಲೆ ದೂರು ಬಂದಾಗ ಈಗ ಮೊದಲು ಪೆಟ್ಟಿಗೆಯ ಬಳಿಗೆ ಹೋಗುವುದಿಲ್ಲ. ದೂರಿದವರ ಮಹಡಿ ಹತ್ತಿ, ಒಂದು ಸಂಜೆ ಸುಮ್ಮನೆ ನಿಲ್ಲುತ್ತೇನೆ.